ಸ್ಕೆಚ್ ಪೆನ್ನಿನ ರೇಟು, ಬಣ್ಣದ ಆಯಸ್ಸು

ನಮ್ಮನೆ ಹಜಾರದ ಗೋಡೆ ಮೇಲೆ ಅವ್ವನ ಒಂದು ಚಿತ್ರ ಇದೆ. ಫೋಟೊ ಅಲ್ಲ, ಅಣ್ಣನ ಮಗಳು ಕೈಯಾರೆ ಬರೆದಿದ್ದು. ಅವ್ವ ಹೋಗೋಕೆ ಮುಂಚಿನ ವರ್ಷ ಜಗುಲಿ ಮೇಲೆ ಅಡಿಕೆ ಸುಲೀತಾ ಕೂತಿದ್ದಾಗ, ಎದುರಿಗೆ ಚಾಪೆ ಹಾಕ್ಕೊಂಡು ಮೂರು ಮಧ್ಯಾಹ್ನ ಕೂತು ಬರೆದ್ಲು. ಬೆಂಗಳೂರಿಂದ ಅವಳ ಸೋದರಮಾವ ತಂದುಕೊಟ್ಟಿದ್ದ ದುಬಾರಿ ಮಾರ್ಕರಿನ ಡಬ್ಬ ಅವತ್ತು ಮೊದಲ ಸಲ ಬಿಚ್ಚಿದ್ದು. ಅವ್ವನ ನೇರಳೆ ಸೀರೆ, ಹಸಿರು ಅಂಚು, ಪಕ್ಕದಲ್ಲಿ ಅಡಿಕೆ ಬುಟ್ಟಿ. ಕಟ್ಟು ಹಾಕ್ಸಿ, ಎಲ್ಲರಿಗೂ ಕಾಣ್ಲಿ ಅಂತ ಕಿಟಕಿ ಎದುರಿನ ಗೋಡೆಗೇ ಮೊಳೆ ಹೊಡೆದ್ವಿ.

ಎರಡು ವರ್ಷ ಆಗಿದೆ. ಈಗ ಆ ನೇರಳೆ ಸೀರೆ ಬೂದಿ ಬಣ್ಣಕ್ಕೆ ತಿರುಗಿದೆ. ಅಂಚಿನ ಹಸಿರು ಹೋಗಿ ಒಂಥರಾ ಹಳದಿ ಛಾಯೆ ಉಳಿದಿದೆ. ಅವ್ವನ ಕೆನ್ನೆ ಮೇಲಿದ್ದ ತಿಳಿ ಬಣ್ಣವಂತೂ ಹುಡುಕಬೇಕು.

ಇದು ಗಮನಕ್ಕೆ ಬಂದ ತಿಂಗಳೇ, ಅಟ್ಟದ ಟ್ರಂಕು ಇಳಿಸಿದಾಗ ಹಳೇ ಪಂಚಾಂಗಗಳ ನಡುವೆ ಅಣ್ಣನ ಚಿತ್ರವೊಂದು ಸಿಕ್ತು. ಹೈಸ್ಕೂಲಿನಲ್ಲಿದ್ದಾಗ ಗೆರೆ ಹೊಡೆದ ನೋಟ್‌ಬುಕ್ ಹಾಳೆ ಮೇಲೆ ನಮ್ಮೂರ ಡ್ಯಾಮು ಬರೆದಿದ್ದಾನೆ. ಗೇಟು ತೆಗೆದು ನೀರು ಬಿಟ್ಟಿರೋ ಚಿತ್ರ. ಹನ್ನೆರಡು ಬಣ್ಣದ ಪಾಕೀಟಿನ ಅಗ್ಗದ ಸ್ಕೆಚ್ ಪೆನ್ನು. ಹಾಳೆ ಅಂಚು ಹಳದಿಯಾಗಿದೆ, ಆದ್ರೆ ನೀಲಿ ನೀಲಿಯಾಗೇ ಇದೆ, ಗುಲಾಬಿ ಗುಲಾಬಿಯಾಗೇ ಇದೆ.

ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ಲು. "ಅತ್ತೆ, ಅಪ್ಪಂದು ಹತ್ತು ರೂಪಾಯಿ ಪೆನ್ನು. ನಂದು ಸಾವಿರಗಟ್ಲೆದು. ನಂದೇ ಯಾಕೆ ಹೋಯ್ತು? ಅಜ್ಜಿ ಹೋದ್ಲು, ಈಗ ಅಜ್ಜಿ ಚಿತ್ರಾನೂ ಹೋಗ್ತಿದೆ" ಅಂದ್ಲು.

ನಂಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ಆಮೇಲೆ ಇಬ್ರೂ ಕೂತು ಓದಿದ್ವಿ, ಕೇಳಿದ್ವಿ, ಮನೇಲೇ ಒಂದಿಷ್ಟು ಪರೀಕ್ಷೆ ಮಾಡಿ ನೋಡಿದ್ವಿ. ಮನೆಯಲ್ಲಿ ಬಣ್ಣ ಅನ್ನೋದು ಎಲ್ಲಿಂದ ಎಲ್ಲಿಗೆ ಬಂತು ಅಂತ ಹಿಂದಕ್ಕೆ ಹೋಗಿ ನೋಡಿದ ಮೇಲೇ ವಿಷಯ ತಿಳಿಯಾಗಿದ್ದು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ದುಡ್ಡು ಕೊಡದೇ ಸಿಕ್ತಿದ್ದ ಬಣ್ಣದ ಮಾತು. ನಮ್ಮ ಕಡೆ ಗೋಡೆಗೆ ಸುಣ್ಣ, ಕೆಳಗಡೆ ಕೆಮ್ಮಣ್ಣಿನ ಪಟ್ಟಿ. ಇನ್ನೂ ಮೇಲಕ್ಕೆ, ಸಾಗರ ಸೊರಬದ ಕಡೆ ಹೋದ್ರೆ ದೀವರ ಮನೆಗಳಲ್ಲಿ ಹೆಣ್ಮಕ್ಕಳು ಬರೆಯೋ ಹಸೆ ಚಿತ್ತಾರ ಇದೆ. ಮದುವೆ ಮನೆ ಗೋಡೆ ಮೇಲೆ ಬರೆಯೋದು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಸೀಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದ್ರೆ ಪುಂಡಿ ನಾರು. ನಾರಿನ ತುದಿಯನ್ನ ಹದ ಮಾಡ್ಕೊಂಡು ಬಣ್ಣಕ್ಕೆ ಅದ್ದಿದ್ರೆ, ಎಳೆ ಎಳೆ ನಡುವೆ ಬಣ್ಣ ನಿಂತ್ಕೊಂಡು ಗೋಡೆಗೆ ತಾಗಿಸಿದಾಗ ಸಣ್ಣಗೆ ಇಳಿಯುತ್ತೆ. ಈ ಪುಂಡಿ ನಾರನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಮ್ಮಣ್ಣು ಅಂದ್ರೆ ಕಬ್ಬಿಣದ ತುಕ್ಕಿನ ಜಾತಿ. ತುಕ್ಕು ಹಿಡಿದು ಮುಗಿದ ಮೇಲೆ ಬಿಸಿಲು ಅದನ್ನ ಏನೂ ಮಾಡಕ್ಕಾಗಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಸಾವಿರಾರು ವರ್ಷದ ಹಿಂದಿನ ಜನ ಬಂಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು, ಪ್ರಾಣಿಗಳು ಇವತ್ತಿಗೂ ಕಾಣ್ತಾವೆ. ಅಂದ್ರೆ ಲೋಕದಲ್ಲಿ ಅತಿ ಅಗ್ಗದ ಬಣ್ಣವೇ ಅತಿ ಹೆಚ್ಚು ಬಾಳಿಕೆ ಬಂದಿದೆ. ಬೆಲೆಗೂ ಬಾಳಿಕೆಗೂ ನಂಟು ಇರಲೇಬೇಕು ಅಂತೇನಿಲ್ಲ ಅನ್ನೋ ಮಾತು ನಂಗೆ ಮೊದಲು ಹೊಳೆದಿದ್ದು ಇಲ್ಲೇ.

ಎರಡನೇದು ಶಾಯಿ. ದೀಪದ ಮಸಿಯಿಂದ ಮಾಡೋ ಕಪ್ಪು ಶಾಯಿ ನಮ್ಮ ದೇಶದಲ್ಲಿ ತುಂಬಾ ಹಳೇದು. ಮಸಿ ಅಂದ್ರೆ ಇಂಗಾಲ, ಅದಕ್ಕೂ ಬಿಸಿಲಿನ ಭಯ ಇಲ್ಲ. ನಮ್ಮೂರ ಭದ್ರಾ ಡ್ಯಾಮು 1965ರಲ್ಲಿ ಮುಗೀತು. 186 ಅಡಿ ನೀರು ನಿಲ್ಲೋ, 71.5 ಟಿಎಂಸಿ ಹಿಡಿಯೋ ಕಟ್ಟೆ. ಅಂಥ ಕೆಲಸದ ನಕ್ಷೆಗಳನ್ನ ಆ ಕಾಲದ ಡ್ರಾಯಿಂಗ್ ಆಫೀಸುಗಳಲ್ಲಿ ಟ್ರೇಸಿಂಗ್ ಬಟ್ಟೆ ಮೇಲೆ, ಎರಡು ತುಟಿಯ ಗೆರೆ ಪೆನ್ನಿಗೆ ಹನಿಹನಿಯಾಗಿ ಕಪ್ಪು ಇಂಡಿಯನ್ ಇಂಕು ತುಂಬಿ ಎಳೀತಿದ್ರು. ಗೆರೆಯ ದಪ್ಪಕ್ಕೆ ತಕ್ಕಂತೆ ತಿರುಪು ತಿರುಗಿಸೋದು, ಇಂಕು ಖಾಲಿಯಾದ್ರೆ ಮತ್ತೆ ತುಂಬೋದು. ಜರ್ಮನಿಯ ರಾಟ್ರಿಂಗ್ ಕಂಪನಿ 1953ರಲ್ಲಿ ರ‍್ಯಾಪಿಡೋಗ್ರಾಫ್ ಅನ್ನೋ ಕೊಳವೆ ತುದಿಯ ಪೆನ್ನು ತಂದ ಮೇಲೆ ಆ ಕಷ್ಟ ನಿಧಾನಕ್ಕೆ ಕಮ್ಮಿ ಆಯ್ತು. ಪೆನ್ನು ಬದಲಾಯ್ತು, ಶಾಯಿ ಮಾತ್ರ ಅದೇ ಮಸಿ ಜಾತಿಯ ಕಪ್ಪು.

ಬಣ್ಣದ ಶಾಯಿಯ ಕಥೆ ಬೇರೆ. ಅದರಲ್ಲಿ ಮಲೆನಾಡಿನವರಿಗೆ ಹತ್ತಿರದ ಒಂದು ಸಂಗತಿ ಇದೆ. ನಮ್ಮ ಹಿರಿಯರು ಚಳಿಜ್ವರಕ್ಕೆ ನುಂಗ್ತಿದ್ದ ಕ್ವಿನೈನ್ ಗೊತ್ತಲ್ಲ? ಆ ಕ್ವಿನೈನನ್ನ ಮರದ ತೊಗಟೆಯಿಂದ ತೆಗೆಯೋ ಬದಲು ಪ್ರಯೋಗಶಾಲೆಯಲ್ಲೇ ಮಾಡಕ್ಕಾಗುತ್ತಾ ಅಂತ 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಅನ್ನೋ ಹದಿನೆಂಟು ವರ್ಷದ ಹುಡುಗ ಪ್ರಯತ್ನ ಮಾಡ್ತಿದ್ದ. ಕ್ವಿನೈನ್ ಆಗ್ಲಿಲ್ಲ, ಕಪ್ಪನೆಯ ಚರಟ ಆಯ್ತು. ಅದನ್ನ ಆಲ್ಕೋಹಾಲಿನಲ್ಲಿ ಕರಗಿಸಿದ್ರೆ ಚೆಂದದ ನೇರಳೆ ಬಣ್ಣ. ಕಾರ್ಖಾನೆಯಲ್ಲಿ ತಯಾರಾದ ಮೊದಲ ಕೃತಕ ಬಣ್ಣ ಅದು. ಅದರ ಬೆನ್ನಿಗೇ ನೂರಾರು ಬಣ್ಣ ಬಂದವು. ಸೀರೆ, ಕುಂಕುಮ, ಶಾಯಿ, ಎಲ್ಲದಕ್ಕೂ ಅಗ್ಗದ ಗಾಢ ಬಣ್ಣ ಸಿಕ್ತು.

ಆದ್ರೆ ಕೆಮ್ಮಣ್ಣಿಗೂ ಇದಕ್ಕೂ ಒಂದು ಮೂಲ ವ್ಯತ್ಯಾಸ. ಕೆಮ್ಮಣ್ಣು ನೀರಲ್ಲಿ ಕರಗಲ್ಲ, ಪುಡಿಯಾಗೇ ತೇಲಿಕೊಂಡು ಇರುತ್ತೆ. ಲೋಟದಲ್ಲಿ ಕದಡಿ ಇಟ್ರೆ ಬೆಳಗ್ಗೆ ತಳದಲ್ಲಿ ಕೂತಿರುತ್ತೆ. ಕೃತಕ ಬಣ್ಣ ಸಕ್ಕರೆ ಹಾಗೆ ಪೂರ್ತಿ ಕರಗುತ್ತೆ. ಕರಗಿದ ಬಣ್ಣದಲ್ಲಿ ಒಂದೊಂದು ಕಣಾನೂ ಬಿಡಿಬಿಡಿ. ಬಿಸಿಲಿಗೆ ಸಿಕ್ರೆ ಒಂದೊಂದೇ ಒಡೆದು ಬಣ್ಣ ಕಳ್ಕೊಳ್ಳುತ್ತೆ. ಪುಡಿ ಬಣ್ಣದಲ್ಲಿ ಮೇಲಿನ ಪದರ ಒಳಗಿನದನ್ನ ಕಾಯುತ್ತೆ. ನಮ್ಮ ಹುಡುಗಿ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿಬಿಡ್ತು, ಆದ್ರೆ ಪೆನ್ನಿನ ವರೆಗೆ ಬಂದೇ ಹೇಳ್ತೀನಿ.

ನಮ್ಮ ಅಪ್ಪನ ಕಾಲಕ್ಕೆ ಶಾಯಿ ಗುಳಿಗೆ ಇತ್ತು. ನೀರಿಗೆ ಹಾಕಿ ಕರಗಿಸಿ ದವಾತಿಗೆ ತುಂಬೋದು. ಮುಂಬೈನಲ್ಲಿ 1931ರಲ್ಲಿ ದಾಂಡೇಕರ್ ಸೋದರರು ಶುರು ಮಾಡಿದ ಕಂಪನಿ, ಸ್ವದೇಶಿ ಚಳವಳಿಯ ದಿನಗಳಲ್ಲಿ, ಕುದುರೆ ಗುರುತಿನ ಶಾಯಿ ಪುಡಿ, ಗುಳಿಗೆ ಮಾರ್ತಿತ್ತು. ಅದೇ ಮುಂದೆ ಒಂಟೆ ಗುರುತಿನ ಶಾಯಿ, ಕ್ಯಾಮ್ಲಿನ್ ಅಂತ ನಾವೆಲ್ಲ ಸ್ಕೂಲಿಗೆ ಹೊತ್ತುಕೊಂಡು ಹೋದ ಹೆಸರು. 2011ರಲ್ಲಿ ಜಪಾನಿನ ಕೊಕುಯೊ ಅದರಲ್ಲಿ ದೊಡ್ಡ ಪಾಲು ಕೊಂಡ ಮೇಲೆ ಈಗ ಪಾಕೀಟಿನ ಮೇಲೆ ಎರಡೂ ಹೆಸರು ಇರ್ತವೆ. ಆ ಕಾಲಕ್ಕೆ ಪೆನ್ನು ಒಂದೇ, ಶಾಯಿ ಮಾತ್ರ ತುಂಬಿಸ್ತಾ ಹೋಗೋದು. ಪೆನ್ನು ಎಸೆಯೋ ಅಭ್ಯಾಸ ಯಾರಿಗೂ ಇರಲಿಲ್ಲ.

ಎಸೆಯೋ ಅಭ್ಯಾಸ ತಂದಿದ್ದು ಮಾರ್ಕರು. ಉಣ್ಣೆ ಬಟ್ಟೆ ತುದಿಯ ಪೆನ್ನಿಗೆ ಅಮೆರಿಕದ ಲೀ ನ್ಯೂಮನ್ 1910ರಲ್ಲೇ ಪೇಟೆಂಟ್ ತಗೊಂಡಿದ್ದ. ಅದು ಜನರ ಕೈಗೆ ಬಂದಿದ್ದು 1950ರ ದಶಕದ ಮೊದಲಲ್ಲಿ, ಸಿಡ್ನಿ ರೋಸೆಂಥಾಲ್‌ನ ಮ್ಯಾಜಿಕ್ ಮಾರ್ಕರ್ ಮೂಲಕ. ಗಾಜಿನ ಕುಪ್ಪಿ, ಬಾಯಿಗೆ ಉಣ್ಣೆಯ ಬತ್ತಿ. ಪೆಟ್ಟಿಗೆ ಮೇಲೆ ವಿಳಾಸ ಬರೆಯಕ್ಕೆ ಚೆನ್ನಾಗಿತ್ತು, ಸಣ್ಣ ಗೆರೆಗೆ ಆಗ್ತಿರಲಿಲ್ಲ. ಅದನ್ನ ಸಣ್ಣ ಮಾಡಿದ್ದು ಜಪಾನಿನ ಯುಕಿಯೊ ಹೋರಿಯೆ, 1962ರಲ್ಲಿ. ಇವತ್ತು ಪೆಂಟೆಲ್ ಅಂತಾರಲ್ಲ, ಆ ಕಂಪನಿಯವನು. ಸಣ್ಣ ಸಣ್ಣ ನಾರುಗಳನ್ನ ಒಟ್ಟು ಸೇರಿಸಿ ಅಂಟಿಸಿ, ಗಟ್ಟಿ ಕಡ್ಡಿ ಹಾಗೆ ಮಾಡಿ, ತುದಿ ಚೂಪು ಮಾಡಿದ. ಎಳೆಗಳ ನಡುವಿನ ಸಂದಿಯಲ್ಲಿ ಶಾಯಿ ತಾನಾಗೇ ಮುಂದಕ್ಕೆ ಹರಿಯುತ್ತೆ.

ಪುಂಡಿ ನಾರು ನೆನಪಾಯ್ತಾ? ಅದೇ ಕೆಲಸ, ಅದೇ ತತ್ವ. ಸಾಗರದ ಅಜ್ಜಿಯ ಕುಂಚಕ್ಕೂ ಜಪಾನಿನ ಪೆನ್ನಿಗೂ ಇರೋ ವ್ಯತ್ಯಾಸ ಒಂದೇ. ಅಜ್ಜಿ ಪದೇ ಪದೇ ಅದ್ದಬೇಕು, ಪೆನ್ನಿನ ಹೊಟ್ಟೆಯಲ್ಲೇ ಬಣ್ಣ ತುಂಬಿರುತ್ತೆ. ಆದ್ರೆ ಈ ಸಣ್ಣ ಸಂದಿಯಲ್ಲಿ ಪುಡಿ ಬಣ್ಣ ಹೋಗಲ್ಲ, ಸಿಕ್ಕಿಹಾಕಿಕೊಂಡು ಕಟ್ಟಿಬಿಡುತ್ತೆ. ಹಂಗಾಗಿ ಕರಗೋ ಬಣ್ಣವನ್ನೇ ಹಾಕಬೇಕಾಯ್ತು. ಪೆನ್ನು ಸಲೀಸಾಯ್ತು, ಬಣ್ಣದ ಆಯಸ್ಸು ಕಮ್ಮಿ ಆಯ್ತು. ಈ ಕೊಡು ಕೊಳ್ಳುವಿಕೆ ಯಾವ ಪಾಕೀಟಿನ ಮೇಲೂ ದಪ್ಪಕ್ಷರದಲ್ಲಿ ಬರೆದಿರಲ್ಲ.

ನಮ್ಮ ಅಂಗಡಿಗಳಲ್ಲಿ ಸ್ಕೆಚ್ ಪೆನ್ನು ಅಂತ ಸಿಗೋದು ಇದೇ ಜಾತಿ. ಒಳಗಡೆ ನಾರಿನ ಒಂದು ಉದ್ದ ಬತ್ತಿ, ನೀರಲ್ಲಿ ಕರಗಿದ ಬಣ್ಣ, ಮುಂದೆ ನಾರಿನ ತುದಿ. ಖಾಲಿಯಾದ್ರೆ ಹಿಂದಿನ ಬಿರಡೆ ಹಲ್ಲಲ್ಲಿ ಕಚ್ಚಿ ತೆಗೆದು ಎರಡು ಹನಿ ನೀರು ಬಿಡ್ತಿದ್ವಿ, ಇನ್ನೆರಡು ದಿನ ಬರೀತಿತ್ತು. ಕಪ್ಪು ಗೆರೆ ಮೇಲೆ ಹಳದಿ ಎಳೆದು ಹಳದಿ ಪೆನ್ನು ಕೆಡಿಸಿಕೊಂಡು ಅತ್ತಿರೋದು ಈ ಪ್ರಪಂಚದ ಎಲ್ಲಾ ಮಕ್ಕಳ ಕಥೆ ಇರಬೇಕು. ನೀರಿನ ಬಣ್ಣ ಆದ್ದರಿಂದ ಲಂಗಕ್ಕೆ ತಾಗಿದ್ರೂ ಒಗೆದ್ರೆ ಹೆಚ್ಚು ಪಾಲು ಹೋಗ್ತಿತ್ತು. ಅಗ್ಗದ ಪೆನ್ನಿನ ದೊಡ್ಡ ಗುಣ ಇದು. ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು.

ಅದರ ದೋಷ ಏನಂದ್ರೆ ನೀರು. ಒಂದೇ ಜಾಗದಲ್ಲಿ ಎರಡು ಸಲ ಎಳೆದ್ರೆ ಕಾಗದ ನೆಂದು, ಅದರ ನಾರು ಎದ್ದು, ಹೊಸಕಿದ ಹತ್ತಿ ಹಾಗೆ ಉಂಡೆ ಉಂಡೆ ಆಗುತ್ತೆ. ಎಳೆದ ಗೆರೆಯ ಪಟ್ಟೆ ಎದ್ದು ಕಾಣುತ್ತೆ, ಒಂದು ಬಣ್ಣ ಇನ್ನೊಂದಕ್ಕೆ ಬೆರೆಯಲ್ಲ. ದೊಡ್ಡ ಆಕಾಶ ತುಂಬೋಕೆ ಹೋದವರಿಗೆ ಗೊತ್ತು ಆ ಕಷ್ಟ.

ದುಬಾರಿ ಮಾರ್ಕರು ಹುಟ್ಟಿದ್ದು ಆ ಕಷ್ಟಕ್ಕೇ. ಮೊದಮೊದಲಿನ ಗಟ್ಟಿ ಮಾರ್ಕರುಗಳಲ್ಲಿ ಕ್ಸೈಲೀನ್‌ನಂಥ ತಲೆ ಸುತ್ತೋ ವಾಸನೆಯ ದ್ರಾವಕ ಇರ್ತಿತ್ತು. ಆಮೇಲೆ ಆಲ್ಕೋಹಾಲಿಗೆ ಬಂದ್ರು. ಜಪಾನಿನಲ್ಲಿ 1987ರಲ್ಲಿ ಕಾಪಿಕ್ ಅನ್ನೋ ಮಾರ್ಕರ್ ಬಂತು. ಅಲ್ಲಿನ ಚಿತ್ರಕಥೆ ಬರೆಯೋರು ಚಿತ್ರವನ್ನ ಜೆರಾಕ್ಸ್ ಮಾಡಿ ಅದರ ಮೇಲೆ ಬಣ್ಣ ಹಾಕ್ತಿದ್ರು. ಬೇರೆ ಮಾರ್ಕರು ಜೆರಾಕ್ಸಿನ ಕಪ್ಪನ್ನೇ ಕರಗಿಸಿ ಕೊಳೆ ಮಾಡ್ತಿತ್ತು, ಇದು ಮಾಡ್ತಿರಲಿಲ್ಲ. ಕಾಪಿ ಅನ್ನೋದರಿಂದಲೇ ಕಾಪಿಕ್ ಅನ್ನೋ ಹೆಸರು. ಅದರ ಒಂದು ಸಾಲಿನಲ್ಲಿ 358 ಬಣ್ಣ ಇದಾವೆ. ಈಗ ಅದೇ ಮಾದರಿಯಲ್ಲಿ ಕೊರಿಯಾ, ಚೀನಾದ ಅಗ್ಗದ ಆಲ್ಕೋಹಾಲ್ ಮಾರ್ಕರುಗಳೂ ಬಂದಿವೆ.

ಹಂಗಾದ್ರೆ ಹೆಚ್ಚು ದುಡ್ಡು ಕೊಟ್ಟವರಿಗೆ ಸಿಗೋದೇನು? ನಾವಿಬ್ರೂ ಕೂತು ಲೆಕ್ಕ ಹಾಕಿದ್ದು ಇಷ್ಟು. ಒಂದು, ಆಲ್ಕೋಹಾಲು ಕಾಗದದ ನಾರನ್ನ ನೀರಿನ ಹಾಗೆ ಉಬ್ಬಿಸಲ್ಲ, ಬೇಗ ಆರುತ್ತೆ. ಎರಡು ಮೂರು ಪದರ ಹಾಕಿದ್ರೂ ಕಾಗದ ಉಂಡೆ ಆಗಲ್ಲ, ಪಟ್ಟೆ ಕಾಣಲ್ಲ. ಎರಡು, ಒಂದು ಬಣ್ಣ ಹಸಿ ಇರೋವಾಗಲೇ ಇನ್ನೊಂದು ತಾಗಿಸಿದ್ರೆ ನಯವಾಗಿ ಬೆರೆಯುತ್ತೆ. ಅವ್ವನ ಸೀರೆಯ ಮಡಿಕೆ, ಕೆನ್ನೆಯ ನೆರಳು ಅಷ್ಟು ಚೆನ್ನಾಗಿ ಬಂದಿದ್ದು ಅದರಿಂದಲೇ. ಸ್ಕೆಚ್ ಪೆನ್ನಲ್ಲಿ ಬರ್ತಿರಲಿಲ್ಲ. ಮೂರು, ಒಳ್ಳೇ ಕಂಪನಿಯ ಪೆನ್ನಿಗೆ ಬೇರೆ ಶಾಯಿ ಬಾಟ್ಲಿ, ಬೇರೆ ತುದಿ ಸಿಗುತ್ತೆ. ಬತ್ತಿದ್ರೆ ತುಂಬಿಸಬಹುದು, ತುದಿ ಸವೆದ್ರೆ ಕಿತ್ತು ಹೊಸದು ಹಾಕಬಹುದು. ಅಂದ್ರೆ ಅಪ್ಪನ ಕಾಲದ ಶಾಯಿ ದವಾತಿಗೇ ವಾಪಸ್ ಬಂದ ಹಾಗಾಯ್ತು. ಅಗ್ಗದ್ದು ಬತ್ತಿದ್ರೆ ತಿಪ್ಪೆಗೆ. ದಿನಾ ಬರೆಯೋರಿಗೆ ಐದಾರು ವರ್ಷದ ಲೆಕ್ಕದಲ್ಲಿ ದುಬಾರಿದೇ ಅಗ್ಗ ಆದ್ರೂ ಆಗಬಹುದು, ಹಬ್ಬಕ್ಕೊಂದು ಸಲ ಬರೆಯೋರಿಗೆ ಖಂಡಿತಾ ಅಲ್ಲ.

ಸಿಗದೇ ಇರೋದು ಏನು ಅಂದ್ರೆ ಆಯಸ್ಸು. ದುಬಾರಿ ಆಲ್ಕೋಹಾಲ್ ಮಾರ್ಕರಿನಲ್ಲಿ ಇರೋದೂ ಕರಗೋ ಬಣ್ಣವೇ. ಅದು ಬಿಸಿಲಿಗೆ ಹೋಗೇ ಹೋಗುತ್ತೆ. ಚಿತ್ರ ಬರೆದು ಅಚ್ಚಿಗೆ ಕಳಿಸೋರಿಗಾಗಿ ಹುಟ್ಟಿದ ಪೆನ್ನು ಅದು. ಅಚ್ಚಾದ ಮೇಲೆ ಮೂಲ ಚಿತ್ರ ಪೆಟ್ಟಿಗೆಯೊಳಗೆ ಇರುತ್ತೆ, ಅದು ಗೋಡೆ ಮೇಲೆ ನಿಲ್ಲಬೇಕು ಅಂತ ಯಾರೂ ಕೇಳಿರಲಿಲ್ಲ. ನಾವು ಕೇಳಿದ್ವಿ. ತಪ್ಪು ಪೆನ್ನಿಂದೂ ಅಲ್ಲ, ಹುಡುಗಿದೂ ಅಲ್ಲ. ಮೊಳೆ ಹೊಡೆದ ಜಾಗದ್ದು.

ಕಾಗದದ ಮಾತು ಹೇಳದಿದ್ರೆ ಭದ್ರೆಯ ದಡದವಳು ಅನ್ನಿಸಿಕೊಳ್ಳೋಕೆ ನಾಚಿಕೆ. ಇಲ್ಲೇ ಕೆಳಗಡೆ ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್, ನಮ್ಮ ಕಾಡಿನ ಬಿದಿರು ಅರೆದು ಕಾಗದ ಮಾಡ್ತಿತ್ತು. ಅಲ್ಲಿ ಮಿಷನ್ ನಿಂತಿದ್ದು 2015ರ ಹೊತ್ತಿಗೆ. ಬರೆಯೋ ಕಾಗದದ ಮೇಲೆ ಸಣ್ಣದೊಂದು ಅಂಟಿನ ಲೇಪ ಇರುತ್ತೆ, ಶಾಯಿ ಹರಡದ ಹಾಗೆ. ಆ ಲೇಪ ನೀರಿನ ಶಾಯಿಯನ್ನ ತಡೆಯುತ್ತೆ, ಆಲ್ಕೋಹಾಲನ್ನ ತಡೆಯಲ್ಲ. ನೋಟ್‌ಬುಕ್ ಹಾಳೆ ಮೇಲೆ ದುಬಾರಿ ಮಾರ್ಕರ್ ಇಟ್ರೆ ಆ ಕಡೆಗೂ ಹೋಗಿ, ಕೆಳಗಿನ ಎರಡು ಹಾಳೆಗೂ ಇಳಿಯುತ್ತೆ. ಅದಕ್ಕೇ ಅಣ್ಣನ ಅಗ್ಗದ ಪೆನ್ನು ತೆಳು ಹಾಳೆ ಮೇಲೆ ಗೆದ್ದಿತು, ಮಗಳ ಪೆನ್ನಿಗೆ ದಪ್ಪನೆಯ ನುಣುಪು ಹಾಳೆ ಬೇಕಾಯ್ತು. ನನ್ನ ಅನುಭವದಲ್ಲಿ, ಕೈಯಲ್ಲಿ ಇರೋದು ಇನ್ನೂರು ರೂಪಾಯಿ ಅಂದ್ರೆ ಪೆನ್ನಿಗೆ ಐವತ್ತು, ಕಾಗದಕ್ಕೆ ನೂರೈವತ್ತು ಹಾಕೋದು ಒಳ್ಳೇದು. ಒಳ್ಳೇ ಕಾಗದದ ಮೇಲೆ ಅಗ್ಗದ ಸ್ಕೆಚ್ ಪೆನ್ನೂ ಮರ್ಯಾದೆಯಿಂದ ನಡ್ಕೊಳ್ಳುತ್ತೆ.

ಇದನ್ನೆಲ್ಲ ಬರೀ ಓದಿ ನಂಬಬಾರದು ಅಂತ ಒಂದು ಪರೀಕ್ಷೆ ಮಾಡಿದ್ವಿ. ಒಂದೇ ರಟ್ಟಿನ ಮೇಲೆ ಅಗ್ಗದ ಸ್ಕೆಚ್ ಪೆನ್ನು, ದುಬಾರಿ ಮಾರ್ಕರು, ಪುಡಿ ಬಣ್ಣದ ಶಾಯಿ ಇರೋ ಕಪ್ಪು ಪೆನ್ನು, ಕೊನೆಗೆ ಹಿತ್ತಲಿನ ಕೆಮ್ಮಣ್ಣು, ನಾಲ್ಕರ ಪಟ್ಟಿ ಎಳೆದು, ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ ಕಿಟಕಿಗೆ ಕಟ್ಟಿದ್ವಿ. ಶಿವರಾತ್ರಿಯಿಂದ ಮಳೆ ಹಿಡಿಯೋ ತನಕ. ಬಿಚ್ಚಿ ನೋಡಿದ್ರೆ ಸ್ಕೆಚ್ ಪೆನ್ನಿನ ಗುಲಾಬಿ ಇತ್ತು ಅನ್ನೋದಕ್ಕೆ ಗುರುತು ಮಾತ್ರ. ದುಬಾರಿ ನೇರಳೆ ಅರ್ಧ ಹೋಗಿತ್ತು. ಕಪ್ಪು ಹಾಗೇ ಇತ್ತು. ಕೆಮ್ಮಣ್ಣಂತೂ ಮುಚ್ಚಿದ್ದಕ್ಕೂ ತೆರೆದಿದ್ದಕ್ಕೂ ಭೇದವೇ ಇಲ್ಲ. ಮುಚ್ಚಿದ ಭಾಗದಲ್ಲಿ ಮಾತ್ರ ನಾಲ್ಕೂ ಬಣ್ಣ ಹೊಸದಾಗಿದ್ದವು, ಅಗ್ಗದ ಗುಲಾಬಿಯೂ ಸೇರಿ. ಅಣ್ಣನ ಡ್ಯಾಮು ಟ್ರಂಕಿನ ಕತ್ತಲಲ್ಲಿ ಉಳಿದಿದ್ದು ಯಾಕೆ ಅಂತ ಹುಡುಗಿಗೆ ನಾನು ಹೇಳಬೇಕಾಗಲಿಲ್ಲ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಕಾಗದದ ಚಿತ್ರಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕು ಮಾತ್ರ ಇಡೋದೂ ಇದಕ್ಕೇ.

ಆ ಪುಡಿ ಬಣ್ಣದ ಪೆನ್ನು ಅಂದ್ನಲ್ಲ, ಅದಕ್ಕೂ ಒಂದು ಇತಿಹಾಸ ಇದೆ. ನಾರಿನ ಸಂದಿಯಲ್ಲಿ ಕಟ್ಟಿಕೊಳ್ಳದ ಹಾಗೆ ಪುಡಿಯನ್ನ ಅತಿ ಸಣ್ಣ ಮಾಡೋ ವಿದ್ಯೆ ಜಪಾನಿನ ಸಕುರಾ ಕಂಪನಿಗೆ 1982ರಲ್ಲಿ ಸಿದ್ಧಿಸ್ತು. ಅದೇ ಪಿಗ್ಮಾ ಶಾಯಿ. ಮರುವರ್ಷ ಮಿತ್ಸುಬಿಷಿ ಪೆನ್ಸಿಲ್ ಕಂಪನಿ ಪೋಸ್ಕಾ ಅನ್ನೋ ಬಣ್ಣದ ಮಾರ್ಕರ್ ತಂತು. ಅದನ್ನ ಅಲ್ಲಾಡಿಸಿ ಬರೀಬೇಕು, ಕೆಮ್ಮಣ್ಣಿನ ಲೋಟ ಕದಡಿದ ಹಾಗೆ. ಇಂಥ ಪೆನ್ನುಗಳು ಆಲ್ಕೋಹಾಲ್ ಮಾರ್ಕರಿನ ಹಾಗೆ ನಯವಾಗಿ ಬೆರೆಯಲ್ಲ, ಆದ್ರೆ ಗೋಡೆ ಮೇಲೆ ಹೆಚ್ಚು ಕಾಲ ನಿಲ್ತವೆ.

ಬಿಸಿಲಿಗೆ ಹೆದರದ ಇನ್ನೊಂದು ಶಾಯಿ ನಮ್ಮ ನಾಡಿನದ್ದೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಕೊಡ್ತಾ ಬಂದಿದೆ. ಅದರಲ್ಲಿ ಇರೋದು ಸಿಲ್ವರ್ ನೈಟ್ರೇಟ್. ಉಳಿದ ಬಣ್ಣ ಬೆಳಕಿಗೆ ತಿಳಿಯಾದ್ರೆ ಇದು ಬೆಳಕಿಗೆ ಕಪ್ಪಾಗುತ್ತೆ. ಅವ್ವ ಪ್ರತಿ ಸಲ ಓಟು ಹಾಕಿ ಬಂದು ಅಡಿಕೆ ಸಿಪ್ಪೆಯಲ್ಲಿ ಆ ಬೆರಳು ಉಜ್ಜಿ, "ಬಿಡದೇ ಇಲ್ವಲ್ಲ, ಅದೇನು ಹಾಕ್ಯಾರೋ" ಅಂತಿದ್ದದ್ದು ಇದನ್ನ ಬರೀತಾ ನೆನಪಾಯ್ತು.

ಈಗ ಚಿತ್ರ ಏನ್ಮಾಡಿದ್ವಿ ಅಂದ್ರೆ, ಗೋಡೆಯಿಂದ ಇಳಿಸಿದ್ವಿ. ಬರೆದ ದಿನ ಅಣ್ಣ ಮೊಬೈಲಲ್ಲಿ ತೆಗೆದ ಫೋಟೊ ಇತ್ತು, ಅದನ್ನ ನೋಡ್ಕೊಂಡು ಹುಡುಗಿ ಇನ್ನೊಂದು ಬರೆದ್ಲು. ಗೆರೆಯೆಲ್ಲ ಪುಡಿ ಶಾಯಿಯ ಕಪ್ಪು. ಸೀರೆಗೆ ಪುಡಿ ಬಣ್ಣದ ಮಾರ್ಕರು. ಜಗುಲಿಯ ನೆಲಕ್ಕೆ ಮಾತ್ರ ಹಿತ್ತಲಿನ ಕೆಮ್ಮಣ್ಣನ್ನ ಸೋಸಿ, ಒಂದಿಷ್ಟು ಅಂಟು ಕಲಸಿ ಅದನ್ನೇ ಬಳಿದ್ಲು. ಮಡಿಕೆ ಮೊದಲಿನಷ್ಟು ನಯವಾಗಿ ಬಂದಿಲ್ಲ. "ಅದ್ರಲ್ಲಿ ಅಜ್ಜಿ ಉಸಿರಾಡ್ತಿದ್ಲು, ಇದ್ರಲ್ಲಿ ಕೂತಿದಾಳೆ" ಅಂತ ಅವಳೇ ಹೇಳಿದ್ಲು. ಹೊಸದನ್ನ ಕಿಟಕಿಯ ಬೆಳಕು ನೇರ ಬೀಳದ ಪಕ್ಕದ ಗೋಡೆಗೆ ಹಾಕಿದ್ವಿ.

ಹಳೇದು ಟ್ರಂಕಿನಲ್ಲಿದೆ, ಅಣ್ಣನ ಡ್ಯಾಮಿನ ಜೊತೆ, ಅದೇ ಪಂಚಾಂಗಗಳ ನಡುವೆ. ಅವ್ವನ ತಿಥಿಗೆ ಒಂದು ಸಲ ತೆಗೆದು ನೋಡ್ತೀವಿ, ಮತ್ತೆ ಮುಚ್ಚಿಡ್ತೀವಿ. ಉಳಿದಿರೋ ನೇರಳೆ ಇನ್ನು ಅಲ್ಲಿಂದ ಹೋಗಲ್ಲ.